ಬೇಸಾಯವೂ ಹಸಿರುಮನೆಯ ಅನಿಲಗಳೂ

ನ್ಯೂಜಿಲೆಂಡ್ ದೇಶವು ವಾತಾವರಣಕ್ಕೆ ಬಿಡುವ ಹಸಿರುಮನೆಯ ಅನಿಲಗಳಲ್ಲಿ ಅರ್ಧಕ್ಕೂ ತುಸು ಹೆಚ್ಚು ಭಾಗವು ಬೇಸಾಯ ಮತ್ತು ಪಶುಪಾಲನೆಯಿಂದ ಹೊರಡುವುದು. ನಮ್ಮ ಭಾರತದಲ್ಲಿ ಆ ಪಾಲು ನೂರಕ್ಕೆ 13 ರಿಂದ 14. ಅಮೇರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಸುಮಾರು 10. ಈ ಮೂರು ಅಂಕಿಗಳನ್ನು ಸಾಲಾಗಿ ಬರೆದು ನೋಡಿದ ವಿದ್ಯಾರ್ಥಿಯು, ಅಮೇರಿಕದ ರೈತನ ಬೇಸಾಯವು ಎಲ್ಲಕ್ಕಿಂತ ನಿರ್ಮಲವಾದುದೆಂದೂ ಭಾರತದ ರೈತನದು ಅದಕ್ಕಿಂತ ತುಸು ಮಲಿನವಾದುದೆಂದೂ ತೀರ್ಮಾನಿಸಿದರೆ ಆಶ್ಚರ್ಯವಿಲ್ಲ. ಆದರೆ ಆ ತೀರ್ಮಾನ ನಿಲ್ಲುವುದಿಲ್ಲ. ಅದು ಏಕೆ ನಿಲ್ಲುವುದಿಲ್ಲವೆಂಬುದನ್ನು ತಿಳಿಯಬೇಕಾದರೆ ಈ ಅನಿಲಗಳನ್ನು ಅಳೆಯುವ ಬಗೆಯನ್ನೂ, ಅಳೆದುದನ್ನು ಯಾವ ಖಾತೆಗೆ ಬರೆಯುವರೆಂಬುದನ್ನೂ ಮೊದಲು ಅರಿಯಬೇಕು.

ದೂರದ ದೇಶಗಳ ಮಾತನ್ನು ಆಡುವಾಗಲೂ ನಾವು ಉದಾಹರಣೆಗಳನ್ನು ಕೃಷ್ಣೆಯ ತೀರದ ನಮ್ಮ ರಬಕವಿಯ ಸೀಮೆಯಿಂದಲೇ ತೆಗೆದುಕೊಳ್ಳುವೆವು. ಇಲ್ಲಿ ಕಬ್ಬು ಇದೆ, ಎಮ್ಮೆಗಳಿವೆ, ಹೊಳೆಯಿಂದಲೂ ಕೊಳವೆಬಾವಿಗಳಿಂದಲೂ ನೀರೆತ್ತುವ ಪಂಪುಗಳಿವೆ, ಸುತ್ತಮುತ್ತ ಸಕ್ಕರೆಯ ಕಾರ್ಖಾನೆಗಳಿವೆ. ಈ ಲೆಕ್ಕದ ಬಹುತೇಕ ಅಂಶಗಳು ಹತ್ತು ಮೈಲಿಯೊಳಗೆ ಕಾಣಸಿಗುತ್ತವೆ. ಅದರ ಫಲವೂ ನಮಗೆ ದೂರದ್ದಲ್ಲ. 2019ರ ಆಗಸ್ಟಿನಲ್ಲಿ ಕೃಷ್ಣೆಯ ಪ್ರವಾಹವು ದಂಡೆಯ ಹಳ್ಳಿಗಳನ್ನೂ ನಿಂತ ಕಬ್ಬನ್ನೂ ಮುಳುಗಿಸಿತು. 2023ರಲ್ಲಿ ರಾಜ್ಯದ ಬಹುಭಾಗದಲ್ಲಿ ಬರಗಾಲವನ್ನು ಘೋಷಿಸಬೇಕಾಯಿತು. ಯಾವುದೊಂದು ನೆರೆಯನ್ನಾಗಲಿ ಬರವನ್ನಾಗಲಿ ಹಸಿರುಮನೆಯ ಅನಿಲಗಳ ತಲೆಗೇ ಕಟ್ಟುವುದು ಶಾಸ್ತ್ರೀಯವಲ್ಲ. ಆದರೆ ಗಾಳಿಯು ಬೆಚ್ಚಗಾದಷ್ಟೂ ಅದು ಹಿಡಿದಿಡಬಲ್ಲ ನೀರಾವಿಯು, ಒಂದು ಡಿಗ್ರಿ ಸೆಲ್ಸಿಯಸ್‌ಗೆ ನೂರಕ್ಕೆ ಸುಮಾರು ಏಳರಂತೆ, ಹೆಚ್ಚುವುದೆಂಬುದು ಭೌತಶಾಸ್ತ್ರದ ನಿಯಮ. ಬೇಸಾಯವು ಈ ವ್ಯವಹಾರದಲ್ಲಿ ಕೊಡುವವನೂ ಹೌದು, ಪೆಟ್ಟು ತಿನ್ನುವವನೂ ಹೌದು.

ಸೂರ್ಯನ ಬೆಳಕಿನಿಂದ ಕಾದ ಭೂಮಿಯು ಆ ಶಾಖವನ್ನು ಕಣ್ಣಿಗೆ ಕಾಣದ ಅವಗೆಂಪು ಕಿರಣಗಳ ರೂಪದಲ್ಲಿ ಆಕಾಶಕ್ಕೆ ಹಿಂದಿರುಗಿಸುತ್ತದೆ. ಗಾಳಿಯ ಮುಖ್ಯ ಘಟಕಗಳಾದ ಸಾರಜನಕ ಮತ್ತು ಆಮ್ಲಜನಕಗಳ ಅಣುಗಳಲ್ಲಿ ಒಂದೇ ಜಾತಿಯ ಎರಡೆರಡು ಪರಮಾಣುಗಳಿರುವುದರಿಂದ ಅವು ಕಂಪಿಸಿದರೂ ವಿದ್ಯುತ್ತಿನ ಸಮತೋಲ ಕದಲುವುದಿಲ್ಲ. ಅವಗೆಂಪು ಕಿರಣಗಳು ಅವುಗಳ ನಡುವೆ ನಿರಾತಂಕವಾಗಿ ಹಾದುಹೋಗುತ್ತವೆ. ಇಂಗಾಲದ ಡೈಆಕ್ಸೈಡ್, ಮೀಥೇನ್, ನೈಟ್ರಸ್ ಆಕ್ಸೈಡ್‌ಗಳ ಅಣುಗಳು ಹಾಗಲ್ಲ. ಅವು ಬಾಗಿ ಬಳುಕುವಾಗ ವಿದ್ಯುದಾವೇಶದ ಹಂಚಿಕೆಯು ಬದಲಾಗುವುದರಿಂದ ತಮ್ಮ ತಮ್ಮ ಕಂಪನಕ್ಕೆ ಹೊಂದುವ ಕಿರಣಗಳನ್ನು ಹೀರಿ, ಎಲ್ಲ ದಿಕ್ಕಿಗೂ, ಎಂದರೆ ಕೆಳಮುಖವಾಗಿಯೂ, ಮತ್ತೆ ಬಿಡುತ್ತವೆ. ಇಂಗಾಲದ ಡೈಆಕ್ಸೈಡು 15 ಮೈಕ್ರಾನಿನ ಸುತ್ತಲಿನ ತರಂಗಗಳನ್ನು ಹೀರಿದರೆ, ಮೀಥೇನು 7.7 ಮೈಕ್ರಾನಿನ ಬಳಿ ಹೀರುತ್ತದೆ. 8 ರಿಂದ 12 ಮೈಕ್ರಾನುಗಳ ನಡುವೆ ವಾತಾವರಣವು ಬಹುಮಟ್ಟಿಗೆ ಪಾರದರ್ಶಕವಾಗಿದ್ದು, ಭೂಮಿಯ ಶಾಖ ಹೊರಬೀಳಲು ಅದೊಂದು ಕಿಟಕಿಯಂತಿದೆ. ಮೀಥೇನು ಆ ಕಿಟಕಿಯ ಅಂಚಿಗೇ ನಿಂತಿರುವುದೆನ್ನಬಹುದು.

ಮೀಥೇನಿನ ಪ್ರಭಾವ ಹೆಚ್ಚೆಂದು ಹೇಳುವುದಕ್ಕೆ ಇನ್ನೊಂದು ಕಾರಣವೂ ಉಂಟು; ನೇಕಾರರ ಊರಿನವರಿಗೆ ಅದನ್ನು ವಿವರಿಸುವುದು ಸುಲಭ. ಒತ್ತಾಗಿ ನೆಯ್ದ ಸೀರೆಯ ಹೊಕ್ಕಿಗೆ ಒಂದು ಎಳೆಯನ್ನು ಹೆಚ್ಚಾಗಿ ಸೇರಿಸಿದರೆ ಅದರಾಚೆ ತೋರುವ ಬೆಳಕು ಅಷ್ಟೇನೂ ಕಡಿಮೆಯಾಗದು. ಬಲು ತೆಳ್ಳಗೆ ನೆಯ್ದ ಬಟ್ಟೆಗೆ ಅದೇ ಒಂದು ಎಳೆ ಸೇರಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಇಂಗಾಲದ ಡೈಆಕ್ಸೈಡಿನವು 420ಕ್ಕೂ ಮೇಲ್ಪಟ್ಟು ಇವೆ. ಮೀಥೇನಿನವು ಎರಡಕ್ಕಿಂತಲೂ ಕಡಿಮೆ. ಆದುದರಿಂದ ಹೊಸದಾಗಿ ಸೇರುವ ಮೀಥೇನಿನ ಒಂದೊಂದು ಅಣುವೂ ಹೆಚ್ಚು ಕೆಲಸ ಮಾಡುತ್ತದೆ. ಸಾಲದುದಕ್ಕೆ ಅದರ ಅಣುಭಾರ 16, ಇಂಗಾಲದ ಡೈಆಕ್ಸೈಡಿನದು 44. ಸಮತೂಕದಲ್ಲಿ ಮೀಥೇನಿನ ಅಣುಗಳೇ ಹೆಚ್ಚು.

ಆದರೆ ಮೀಥೇನು ದೀರ್ಘಾಯುವಲ್ಲ. ಸುಮಾರು ಹನ್ನೆರಡು ವರ್ಷಗಳ ಅವಧಿಯಲ್ಲಿ ಅದರ ಬಹುಭಾಗವು ರಾಸಾಯನಿಕ ಕ್ರಿಯೆಗಳಿಂದ ನಾಶವಾಗುತ್ತದೆ. ಇಂಗಾಲದ ಡೈಆಕ್ಸೈಡಿನ ಒಂದಂಶವಾದರೋ ಸಾವಿರಾರು ವರ್ಷ ಉಳಿಯುವುದು. ಹೀಗೆ ಬಲಶಾಲಿಯಾದ ಅಲ್ಪಾಯುವನ್ನೂ ದುರ್ಬಲನಾದ ಚಿರಾಯುವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದೆಂತು? ವಿಜ್ಞಾನಿಗಳು ಒಂದು ಒಪ್ಪಂದಕ್ಕೆ ಬಂದಿದ್ದಾರೆ. ಒಂದು ಕಿಲೋಗ್ರಾಂ ಅನಿಲವನ್ನು ಇಂದು ಬಿಟ್ಟರೆ ಮುಂದಿನ ನೂರು ವರ್ಷಗಳಲ್ಲಿ ಅದು ಒಟ್ಟು ಎಷ್ಟು ಶಾಖವನ್ನು ತಡೆಯುವುದೆಂದು ಲೆಕ್ಕ ಹಾಕಿ, ಅಷ್ಟೇ ಕೆಲಸಕ್ಕೆ ಇಂಗಾಲದ ಡೈಆಕ್ಸೈಡು ಎಷ್ಟು ಕಿಲೋಗ್ರಾಂ ಬೇಕೆಂದು ಹೇಳುವುದು. ಹವಾಮಾನ ಬದಲಾವಣೆಯನ್ನು ಕುರಿತ ಅಂತರಸರ್ಕಾರೀ ಮಂಡಲಿಯ ಐದನೆಯ ವರದಿಯ ಪ್ರಕಾರ ಮೀಥೇನಿಗೆ ಈ ಗುಣಕವು 28, ನೈಟ್ರಸ್ ಆಕ್ಸೈಡಿಗೆ 265. ನೂರು ವರ್ಷಕ್ಕೆ ಬದಲಾಗಿ ಇಪ್ಪತ್ತೇ ವರ್ಷಗಳನ್ನು ಹಿಡಿದರೆ ಮೀಥೇನಿನ ಗುಣಕವು 84ಕ್ಕೆ ಏರುವುದು! ನಿಸರ್ಗದಲ್ಲಿ ಯಾವುದೂ ಬದಲಾಗಿಲ್ಲ. ನಮ್ಮ ಗಡಿಯಾರ ಮಾತ್ರ ಬದಲಾಗಿದೆ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು.

ಈಗ ಕೊಟ್ಟಿಗೆಗೆ ಹೋಗೋಣ. ಆಕಳು, ಎಮ್ಮೆಗಳ ಹೊಟ್ಟೆಯ ಮೊದಲ ಕೋಣೆಯಲ್ಲಿ ಆಮ್ಲಜನಕವಿಲ್ಲದೆ ಬದುಕುವ ಸೂಕ್ಷ್ಮಜೀವಿಗಳಿವೆ. ನಾವು ಅರಗಿಸಿಕೊಳ್ಳಲಾರದ ಕಣಿಕೆಯನ್ನೂ ಹುಲ್ಲನ್ನೂ ಅವು ಒಡೆದು ಪಶುವಿಗೆ ಆಹಾರವಾಗುವಂತೆ ಮಾಡುತ್ತವೆ. ಆ ಕ್ರಿಯೆಯಲ್ಲಿ ಮಿಕ್ಕ ಜಲಜನಕವು ಇಂಗಾಲದೊಡನೆ ಕೂಡಿ ಮೀಥೇನಾಗುವುದು. ಅದು ಹಿಂಭಾಗದಿಂದ ಹೊರಬೀಳುವುದೆಂದು ವಿದ್ಯಾರ್ಥಿಗಳು ನಗುವುದುಂಟು. ವಾಸ್ತವವಾಗಿ ಅದರ ಬಹ್ವಂಶವು ಮೆಲುಕು ಹಾಕುವಾಗ ತೇಗಿನ ಮೂಲಕ ಬಾಯಿಂದಲೇ ಹೋಗುತ್ತದೆ. ನಿಂತ ನೀರಿನ ಭತ್ತದ ಗದ್ದೆಯ ಕೆಸರಿನಲ್ಲಿಯೂ ಇದೇ ಬಗೆಯ ಜೀವಿಗಳು ಇದೇ ಕೆಲಸವನ್ನು ಮಾಡುತ್ತವೆ. ಗಂಗಾವತಿ, ಸಿಂಧನೂರುಗಳ ಕಡೆ ಅದು ದೊಡ್ಡ ವಿಷಯ. ನಮ್ಮ ಕಡೆ ಅಷ್ಟಿಲ್ಲ.

ಅಂತರಸರ್ಕಾರೀ ಮಂಡಲಿಯು ಲೆಕ್ಕಕ್ಕಾಗಿ 2006ರಲ್ಲಿ ಕೊಟ್ಟ ಸರಾಸರಿ ಅಂಕಿಗಳಲ್ಲಿ ಭಾರತ ಉಪಖಂಡದ ಹಾಲು ಕರೆಯುವ ಆಕಳಿಗೆ ವರ್ಷಕ್ಕೆ 58 ಕಿಲೋಗ್ರಾಂ ಮೀಥೇನ್, ಉತ್ತರ ಅಮೇರಿಕದ ಆಕಳಿಗೆ 128 ಕಿಲೋಗ್ರಾಂ. ನಮ್ಮ ಆಕಳಿನದು 28ರಿಂದ ಗುಣಿಸಲಾಗಿ ಸುಮಾರು 1,620 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡಿಗೆ ಸಮ. ಒಂದು ಲೀಟರು ಡೀಸೆಲ್ ಉರಿದರೆ ಸುಮಾರು 2.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡು ಹುಟ್ಟುವುದರಿಂದ, ಒಂದು ಆಕಳು ವರ್ಷಕ್ಕೆ 600 ಲೀಟರು ಡೀಸೆಲಿಗೆ ಸಮಾನವಾಯಿತು. ಮೇಲುನೋಟಕ್ಕೆ ಅಮೇರಿಕದ ಆಕಳು ನಮ್ಮದಕ್ಕಿಂತ ಎರಡು ಪಾಲು ಕೆಟ್ಟದ್ದು. ಆದರೆ ಅದೇ ಪಟ್ಟಿಯಲ್ಲಿ ಹಾಲಿನ ಅಂಕಿಯನ್ನೂ ನೋಡಬೇಕು. ಅಲ್ಲಿಯ ಆಕಳು ವರ್ಷಕ್ಕೆ 8,400 ಕಿಲೋಗ್ರಾಂ, ಇಲ್ಲಿಯದು 900 ಕಿಲೋಗ್ರಾಂ ಹಾಲು ಕೊಡುವುದೆಂದು ಹಿಡಿದಿದ್ದಾರೆ. ಭಾಗಿಸಿದರೆ ಅಮೇರಿಕದ ಹಾಲಿನ ಕಿಲೋಗ್ರಾಮಿಗೆ 15 ಗ್ರಾಂ ಮೀಥೇನ್, ನಮ್ಮದಕ್ಕೆ 64 ಗ್ರಾಂ! ಒಂದೇ ಎರಡು ಪಶುಗಳು. ತಲೆಗೆ ಇಷ್ಟೆಂದು ಎಣಿಸಿದರೆ ಒಬ್ಬನು ಅಪರಾಧಿ, ಲೀಟರಿಗೆ ಇಷ್ಟೆಂದು ಎಣಿಸಿದರೆ ಮತ್ತೊಬ್ಬನು.

ಇಲ್ಲಿ ನಮಗೆ ಒಂದು ಆಕ್ಷೇಪವಿದೆ. ನಮ್ಮ ರೈತನ ಆಕಳು ಹಾಲಿಗಾಗಿ ಮಾತ್ರ ಇಲ್ಲ. ಅದು ಹೋರಿಗರುವನ್ನು ಹೆತ್ತು ಎತ್ತನ್ನು ಕೊಡುತ್ತದೆ, ಹೊಲಕ್ಕೆ ಗೊಬ್ಬರವನ್ನು ಕೊಡುತ್ತದೆ. ಕೃಷ್ಣಾ ಕೊಳ್ಳದ ಹೆಸರನ್ನೇ ಹೊತ್ತ ದನದ ತಳಿಯನ್ನು ಈ ಭಾಗದ ಹಿಂದಿನ ಸಂಸ್ಥಾನಿಕರು ಎರೆಯ ಭೂಮಿಯನ್ನು ಉಳುವ ಬಲಕ್ಕಾಗಿಯೇ ಬೆಳೆಸಿದರು; ಹಾಲಿನ ಅಳತೆಯಿಂದ ಅದನ್ನು ತೂಗುವುದು ಮಗ್ಗವನ್ನು ಕಟ್ಟಿಗೆಯ ಬೆಲೆಯಿಂದ ತೂಗಿದಂತೆ. ಮತ್ತು ನಮ್ಮ ಪಶು ತಿನ್ನುವುದು ಬಹುತೇಕ ಬೆಳೆಯ ಉಳಿಕೆಯನ್ನು. ಅಮೇರಿಕದ ಆಕಳಿಗಾಗಿ ಮೆಕ್ಕೆಜೋಳವನ್ನೂ ಸೋಯಾ ಅವರೆಯನ್ನೂ ಬೇರೆಯಾಗಿ ಬೆಳೆಯಬೇಕು. ಆದರೂ ಎತ್ತುಗಳ ಜಾಗಕ್ಕೆ ಟ್ರ್ಯಾಕ್ಟರು ಬಂದಿರುವ ಇಂದಿನ ದಿನಗಳಲ್ಲಿ ಈ ಆಕ್ಷೇಪದ ಬಲವು ವರ್ಷದಿಂದ ವರ್ಷಕ್ಕೆ ಕುಂದುತ್ತಿರುವುದನ್ನೂ ಒಪ್ಪಬೇಕಾಗುವುದು.

ಕೊಟ್ಟಿಗೆಯಿಂದ ಕಬ್ಬಿನ ಹೊಲಕ್ಕೆ. ಮಣ್ಣಿಗೆ ಹಾಕಿದ ಸಾರಜನಕದ ಗೊಬ್ಬರವೆಲ್ಲವೂ ಬೆಳೆಗೆ ದಕ್ಕುವುದಿಲ್ಲ. ನೂರರಲ್ಲಿ ಸುಮಾರು ಒಂದು ಪಾಲು ಮಣ್ಣಿನ ಸೂಕ್ಷ್ಮಜೀವಿಗಳ ಕೈಸೇರಿ ನೈಟ್ರಸ್ ಆಕ್ಸೈಡಾಗಿ ಹಾರಿಹೋಗುವುದೆಂದು ಲೆಕ್ಕಕ್ಕಾಗಿ ಹಿಡಿಯುತ್ತಾರೆ. 45 ಕಿಲೋಗ್ರಾಂ ಯೂರಿಯಾದ ಒಂದು ಚೀಲದಲ್ಲಿ ಸಾರಜನಕವು ನೂರಕ್ಕೆ 46ರಂತೆ 20.7 ಕಿಲೋಗ್ರಾಂ. ಅದರ ನೂರನೆಯ ಒಂದು ಪಾಲು 0.207. ನೈಟ್ರಸ್ ಆಕ್ಸೈಡಿನ 44 ಭಾಗ ತೂಕದಲ್ಲಿ 28 ಭಾಗ ಸಾರಜನಕವಿರುವುದರಿಂದ ಹುಟ್ಟುವ ಅನಿಲವು 0.325 ಕಿಲೋಗ್ರಾಂ. 265ರಿಂದ ಗುಣಿಸಿದರೆ 86 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡಿಗೆ ಸಮ. ಎಕರೆಗೆ 100 ಕಿಲೋಗ್ರಾಂ ಸಾರಜನಕವೆಂದರೆ ಹತ್ತಿರಹತ್ತಿರ ಐದು ಚೀಲ ಯೂರಿಯಾ. ಅದರಿಂದ 415 ಕಿಲೋಗ್ರಾಂ ಆಯಿತು. ರೈತನು ಮಳೆ ಬರುವ ಮುನ್ನ ಒಮ್ಮೆಲೇ ಸುರಿದರೆ ನಷ್ಟ ಹೆಚ್ಚು. ಕಂತು ಕಂತಾಗಿ ಕೊಟ್ಟರೆ ಕಡಿಮೆ. ಈ ಹಾರಿಹೋದ ಅನಿಲ ಅವನು ಕಾಸು ಕೊಟ್ಟು ಕೊಂಡ ಗೊಬ್ಬರವೇ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಕಬ್ಬು ಕಡಿದ ಮೇಲೆ ರವದಿಗೆ ಬೆಂಕಿಯಿಟ್ಟಾಗ ಏಳುವ ಹೊಗೆಯೇ ಎಲ್ಲಕ್ಕಿಂತ ಭಯಂಕರವಾಗಿ ಕಾಣುವುದು. ಆದರೆ ಲೆಕ್ಕದಲ್ಲಿ ಅದರ ಇಂಗಾಲದ ಡೈಆಕ್ಸೈಡಿಗೆ ಸೊನ್ನೆ! ಆ ಇಂಗಾಲವನ್ನು ಕಬ್ಬು ಅದೇ ವರ್ಷ ಗಾಳಿಯಿಂದ ಎಳೆದುಕೊಂಡಿತ್ತು, ಮುಂದಿನ ಕೂಳೆಯ ಬೆಳೆ ಮತ್ತೆ ಎಳೆದುಕೊಳ್ಳುವುದು. ಬೆಂಕಿಯಲ್ಲಿ ಅರೆಬರೆಯಾಗಿ ಹುಟ್ಟುವ ಮೀಥೇನು, ನೈಟ್ರಸ್ ಆಕ್ಸೈಡುಗಳಿಗೆ ಮಾತ್ರ ಲೆಕ್ಕ. ಕಾರ್ಖಾನೆಯು ಕಬ್ಬಿನ ಸಿಪ್ಪೆಯನ್ನು ಉರಿಸಿ ವಿದ್ಯುತ್ತನ್ನು ತಯಾರಿಸಿದಾಗಲೂ ಇದೇ ನ್ಯಾಯ. ರವದಿಯನ್ನು ಸುಡಬಾರದೆನ್ನುವುದಕ್ಕೆ ಬಲವಾದ ಕಾರಣವು ಮಣ್ಣಿನಲ್ಲಿದೆ: ಸುಟ್ಟಾಗ ಸಾರಜನಕವೂ ಸಾವಯವ ಅಂಶವೂ ಹೋಗುತ್ತವೆ, ಹಾಸಿಬಿಟ್ಟರೆ ತೇವ ಉಳಿಯುತ್ತದೆ.

ಇನ್ನು ಪಂಪು. ಐದು ಅಶ್ವಶಕ್ತಿಯ ಪಂಪು ಎಂದರೆ ಸುಮಾರು 3.7 ಕಿಲೋವಾಟ್. ದಿನಕ್ಕೆ ಆರು ಗಂಟೆಯಂತೆ ನೂರು ದಿನ ನಡೆದರೆ ಸುಮಾರು 2,240 ಯೂನಿಟ್ಟು. ಭಾರತದ ವಿದ್ಯುತ್ತಿನಲ್ಲಿ ಕಲ್ಲಿದ್ದಲಿನ ಪಾಲು ದೊಡ್ಡದಾದುದರಿಂದ ಯೂನಿಟ್ಟಿಗೆ ಸರಾಸರಿ 0.7 ಕಿಲೋಗ್ರಾಮಿಗೆ ಮೇಲ್ಪಟ್ಟು ಇಂಗಾಲದ ಡೈಆಕ್ಸೈಡ್ ಹೊರಡುವುದು. ಗುಣಿಸಿದರೆ ಸುಮಾರು 1,600 ಕಿಲೋಗ್ರಾಂ. ನಮ್ಮ ಒಂದು ಆಕಳಿಗೆ ಸಮ. ಆದರೆ ಆಕಳಿನ ಅನಿಲವನ್ನು ಸರ್ಕಾರದ ಲೆಕ್ಕದಲ್ಲಿ ‘ಬೇಸಾಯ’ದ ಖಾತೆಗೂ ಪಂಪಿನದನ್ನು ‘ಶಕ್ತಿ’ಯ ಖಾತೆಗೂ ಬರೆಯುತ್ತಾರೆ. ಟ್ರ್ಯಾಕ್ಟರಿನ ಡೀಸೆಲ್ ಕೂಡ ಶಕ್ತಿಯ ಖಾತೆಗೇ. ಯೂರಿಯಾದ ಕಾರ್ಖಾನೆ, ಹಾಲನ್ನು ತಣ್ಣಗಿಡುವ ಯಂತ್ರ, ಕಬ್ಬನ್ನು ಸಾಗಿಸುವ ಲಾರಿ, ಅಡಿಗೆಯ ಒಲೆ, ಇವಾವುವೂ ಬೇಸಾಯದ ಪಾಲಿನಲ್ಲಿಲ್ಲ.

ಮೊದಲು ಹೇಳಿದ ಪಾಲುಗಳ ಕಡೆ ಈಗ ಹಿಂದಿರುಗಬಹುದು. ಪಾಲು ಎಂಬುದು ಒಂದು ಭಿನ್ನರಾಶಿ. ಅದಕ್ಕೆ ಅಂಶವೂ ಛೇದವೂ ಉಂಟು. ಭಾರತವು ವಿಶ್ವಸಂಸ್ಥೆಗೆ ಕೊಟ್ಟ ಮೊದಲ ಲೆಕ್ಕದಲ್ಲಿ 1994ನೆಯ ಇಸವಿಯ ಒಟ್ಟು ಮೊತ್ತ 123 ಕೋಟಿ ಟನ್. ಬೇಸಾಯದ್ದು 34 ಕೋಟಿ, ಎಂದರೆ ನೂರಕ್ಕೆ 28. 2019ರಲ್ಲಿ ಒಟ್ಟು ಮೊತ್ತ 313 ಕೋಟಿ ಟನ್; ಬೇಸಾಯದ್ದು 42 ಕೋಟಿ, ನೂರಕ್ಕೆ 13.4. ಪಾಲು ಅರ್ಧಕ್ಕಿಳಿದಿದೆ, ಆದರೆ ಬೇಸಾಯದ ಅನಿಲವು ಇಳಿದಿಲ್ಲ, ಏರಿದೆ. ಛೇದವು ಉಬ್ಬಿದ್ದರಿಂದ ಪಾಲು ಕುಗ್ಗಿತು: ಶಕ್ತಿಯ ಖಾತೆಯು ಅದೇ ಅವಧಿಯಲ್ಲಿ 74 ಕೋಟಿಯಿಂದ 237 ಕೋಟಿ ಟನ್ನಿಗೆ, ಮೂರು ಪಟ್ಟಿಗೂ ಹೆಚ್ಚಾಗಿ, ಬೆಳೆಯಿತು. ನ್ಯೂಜಿಲೆಂಡಿನ ಸಂಗತಿಯು ಇದಕ್ಕೆ ವಿಲೋಮ. ಅಲ್ಲಿಯ ವಿದ್ಯುತ್ತಿನ ಬಹುಭಾಗವು ಜಲಪಾತಗಳಿಂದಲೂ ಭೂಗರ್ಭದ ಶಾಖದಿಂದಲೂ ಬರುವುದರಿಂದ ಛೇದವೇ ಚಿಕ್ಕದು. ಅದಕ್ಕೆ ಆಕಳು, ಕುರಿಗಳ ಪಾಲು ದೊಡ್ಡದಾಗಿ ಕಾಣುವುದು.

ಹಾಗಾದರೆ ಪಾಲನ್ನು ಬಿಟ್ಟು ತಲೆಗೆ ಇಷ್ಟೆಂದು ಲೆಕ್ಕ ಹಾಕೋಣ. ಭಾರತದ 42 ಕೋಟಿ ಟನ್ನನ್ನು 138 ಕೋಟಿ ಜನರಿಗೆ ಹಂಚಿದರೆ ತಲೆಗೆ 0.3 ಟನ್. ಅಮೇರಿಕದ ಬೇಸಾಯದ್ದು ಸುಮಾರು 60 ಕೋಟಿ ಟನ್, ಜನ 33 ಕೋಟಿ, ತಲೆಗೆ 1.8 ಟನ್. ಹತ್ತು ಪಾಲಿನ ದೇಶವು ಹದಿಮೂರು ಪಾಲಿನ ದೇಶಕ್ಕಿಂತ ಆರು ಪಟ್ಟು ಮೇಲೆ ನಿಂತಿತು! ನ್ಯೂಜಿಲೆಂಡಿನದು ತಲೆಗೆ ಸುಮಾರು 8 ಟನ್. ಆದರೆ ಅಲ್ಲಿಯ ಹಾಲಿನ ಬಹುಭಾಗವು ಪುಡಿಯಾಗಿಯೂ ಬೆಣ್ಣೆಯಾಗಿಯೂ ಪರದೇಶಗಳಿಗೆ ಹೋಗುವುದರಿಂದ, ಆ ಎಂಟು ಟನ್ನು ಅಲ್ಲಿಯವರ ಊಟದ ಲೆಕ್ಕವಲ್ಲ.

ಖಾತೆಗಳ ಹಂಚಿಕೆಯಿಂದ ಹುಟ್ಟುವ ಈ ತೊಡಕನ್ನು ನೀಗಲು ಕೆಲವು ವಿಜ್ಞಾನಿಗಳು ಆಹಾರಕ್ಕೆ ಸಂಬಂಧಿಸಿದುದೆಲ್ಲವನ್ನೂ, ಕಾಡು ಕಡಿದು ಹೊಲ ಮಾಡುವುದರಿಂದ ಹಿಡಿದು ಎಂಜಲು ಕೊಳೆಯುವವರೆಗೆ, ಒಂದೇ ಕಡೆ ಕೂಡಿಸಿ ನೋಡಿದ್ದಾರೆ. 2021ರಲ್ಲಿ ಪ್ರಕಟವಾದ ಅಂಥ ಒಂದು ಗಣನೆಯಂತೆ 2015ರಲ್ಲಿ ಜಗತ್ತಿನ ಆಹಾರವ್ಯವಸ್ಥೆಯಿಂದ ಹೊರಟದ್ದು 1,800 ಕೋಟಿ ಟನ್; ಮನುಷ್ಯರು ಬಿಟ್ಟ ಒಟ್ಟು ಅನಿಲಗಳ ಮೂರನೆಯ ಒಂದು ಭಾಗ. ಚೀನ 240 ಕೋಟಿ ಟನ್, ಇಂಡೋನೇಷ್ಯ 160, ಅಮೇರಿಕ 150, ಬ್ರೆಜಿಲ್ 130, ಭಾರತ 110. ನಮ್ಮ ಸರ್ಕಾರದ ಬೇಸಾಯದ ಖಾತೆಯ ಎರಡೂವರೆ ಪಟ್ಟಿಗಿಂತ ಇದು ಹೆಚ್ಚು, ಅಮೇರಿಕದ್ದೂ ಹಾಗೆಯೇ. ಕೈಗಾರಿಕೆಯ ದೇಶಗಳಲ್ಲಿ ಆಹಾರದ ಪಾಲು ನೂರಕ್ಕೆ ಸುಮಾರು 24, ಮಿಕ್ಕ ದೇಶಗಳಲ್ಲಿ 39 ಎಂದೂ ಆ ಗಣನೆ ಹೇಳುತ್ತದೆ. ಇಲ್ಲಿಯೂ ಛೇದವನ್ನು ಮರೆಯಬಾರದು.

ಬ್ರೆಜಿಲ್, ಇಂಡೋನೇಷ್ಯಗಳು ಈ ಪಟ್ಟಿಯ ಮೇಲುಗಡೆ ಇರುವುದಕ್ಕೆ ಕಾಡೇ ಕಾರಣ. ಮರದಲ್ಲಿಯೂ ಇಂಡೋನೇಷ್ಯದ ಜವುಗುನೆಲದ ಸಸ್ಯಜನ್ಯ ಮಣ್ಣಿನಲ್ಲಿಯೂ ಶತಮಾನಗಳಿಂದ ಕೂಡಿದ್ದ ಇಂಗಾಲವು, ಗೋಮಾಳಕ್ಕಾಗಿ, ಸೋಯಾಕ್ಕಾಗಿ, ತಾಳೆಯ ತೋಟಕ್ಕಾಗಿ ಕಡಿದು ಸುಟ್ಟಾಗ ಗಾಳಿಗೆ ಸೇರುವುದು. ರವದಿಯ ಬೆಂಕಿಗೂ ಈ ಬೆಂಕಿಗೂ ಇರುವ ಭೇದ ಇದೇ: ಅದರ ಇಂಗಾಲ ವರ್ಷದೊಳಗೆ ಹಿಂದಿರುಗುವುದು, ಇದರದು ತಲೆಮಾರುಗಳು ಕಳೆದರೂ ಹಿಂದಿರುಗದು.

ಗಡಿಯಾರದ ಮಾತೊಂದು ಉಳಿದಿದೆ. ಇಪ್ಪತ್ತು ವರ್ಷದ ಗುಣಕವನ್ನು ಹಿಡಿದರೆ ನಮ್ಮ ಆಕಳಿನ 1,620 ಕಿಲೋಗ್ರಾಂ 4,870 ಆಗುವುದು. ದನಗಳು ಹೆಚ್ಚಾಗಿರುವ ದೇಶಗಳೆಲ್ಲ ಪಟ್ಟಿಯಲ್ಲಿ ಮೇಲೇರುವುವು. ಇದನ್ನು ತೋರಿಸಿ ಭಾರತದ ಪಶುಸಂಪತ್ತನ್ನು ದೂರುವವರಿದ್ದಾರೆ. ಆದರೆ ಮೀಥೇನು ಅಲ್ಪಾಯುವಾದುದರಿಂದ, ದನಗಳ ಸಂಖ್ಯೆ ಸ್ಥಿರವಾಗಿದ್ದರೆ ಹಳೆಯ ಮೀಥೇನು ಅಳಿದಷ್ಟೇ ಹೊಸದು ಸೇರುತ್ತದೆ. ಒಂದು ತೂತಿರುವ ಕೊಡಕ್ಕೆ ಸಮನಾಗಿ ನೀರು ಬಿಟ್ಟರೆ ಮಟ್ಟ ಒಂದೆಡೆ ನಿಲ್ಲುವಂತೆ. ಕಲ್ಲಿದ್ದಲಿನ ಇಂಗಾಲದ ಡೈಆಕ್ಸೈಡು ತೂತಿಲ್ಲದ ಕೊಡಕ್ಕೆ ಬಿಟ್ಟ ನೀರು. 1992ರ ಗಣತಿಯಲ್ಲಿ ಭಾರತದ ದನ ಎಮ್ಮೆಗಳ ಒಟ್ಟು ಸಂಖ್ಯೆ 28.9 ಕೋಟಿ, 2019ರಲ್ಲಿ 30.3 ಕೋಟಿ. ಇಪ್ಪತ್ತೇಳು ವರ್ಷಗಳಲ್ಲಿ ಏರಿಕೆಯು ನೂರಕ್ಕೆ ಐದು ಮಾತ್ರ. ಹಾಗೆಂದು ಕೊಡದ ನೀರಿನ ಮಟ್ಟ ಸೊನ್ನೆಯೆಂದು ಅರ್ಥವಲ್ಲ. ಧಾರೆಯನ್ನು ತಗ್ಗಿಸಿದರೆ ಆ ಮಟ್ಟವು ಹತ್ತಿಪ್ಪತ್ತು ವರ್ಷಗಳಲ್ಲೇ ಇಳಿಯುವುದು. ಕಲ್ಲಿದ್ದಲಿನಿಂದ ಅಂಥ ಬೇಗನೆಯ ಲಾಭ ದೊರೆಯದು. ಆದುದರಿಂದಲೇ ಬೆಂಗಳೂರಿನ ರಾಷ್ಟ್ರೀಯ ಪಶುಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯ ವಿಜ್ಞಾನಿಗಳು ಒಗರು ಪದಾರ್ಥಗಳುಳ್ಳ ಸಸ್ಯಗಳಿಂದ ‘ಹರಿತ್ ಧಾರಾ’ ಎಂಬ ಮೇವಿನ ಪೂರಕವನ್ನು ಮಾಡಿದ್ದಾರೆ. ಅದು ಮೀಥೇನನ್ನು ನೂರಕ್ಕೆ 17 ರಿಂದ 20ರಷ್ಟು ತಗ್ಗಿಸುವುದೆಂದು ಹೇಳಲಾಗಿದೆ. ತೇಗಿನಲ್ಲಿ ಹೋಗುವ ಮೀಥೇನು ಪಶುವು ತಿಂದ ಮೇವಿನ ಶಕ್ತಿಯೇ ಆದುದರಿಂದ, ಹಾಗೆ ಉಳಿದದ್ದು ಹಾಲಿಗಾಗಲಿ ಮೈಗಾಗಲಿ ಒದಗಬಹುದು. ಸಗಣಿಯ ಅನಿಲಸ್ಥಾವರವಂತೂ ಹಳೆಯ ವಿದ್ಯೆ: ಗುಂಡಿಯಲ್ಲಿ ಸುಮ್ಮನೆ ಹೊರಡಬಹುದಾದ ಮೀಥೇನನ್ನು ಒಲೆಯಲ್ಲಿ ಉರಿಸಿ ಇಪ್ಪತ್ತೆಂಟರ ಗುಣಕದಿಂದ ಒಂದರ ಗುಣಕಕ್ಕೆ ಇಳಿಸುವುದು.

ಕೊನೆಯದಾಗಿ ವ್ಯಾಪಾರದ ವಿಷಯ. ತಾಳೆಯೆಣ್ಣೆಯನ್ನು ಅತ್ಯಧಿಕವಾಗಿ ಆಮದು ಮಾಡಿಕೊಳ್ಳುವ ದೇಶ ಭಾರತ. ಅದರ ದೊಡ್ಡ ಭಾಗವು ಇಂಡೋನೇಷ್ಯದಿಂದಲೇ ಬರುತ್ತದೆ. ಆ ಎಣ್ಣೆಯಲ್ಲಿ ಕರಿದ ಮಿರ್ಚಿಭಜಿಯನ್ನು ನಾವು ರಬಕವಿಯ ಪೇಟೆಯಲ್ಲಿ ನಿಂತು ತಿಂದರೆ, ಕಡಿದ ಕಾಡಿನ ಲೆಕ್ಕವನ್ನು ಇಂಡೋನೇಷ್ಯದ ಹೆಸರಿಗೆ ಬರೆಯುವರು. 2021-22ರ ಹಂಗಾಮಿನಲ್ಲಿ ಭಾರತವು ಸುಮಾರು 110 ಲಕ್ಷ ಟನ್ ಸಕ್ಕರೆಯನ್ನು ಹೊರದೇಶಗಳಿಗೆ ಕಳುಹಿಸಿತು. ಆ ಸಕ್ಕರೆಯನ್ನು ಚಹಕ್ಕೆ ಬೆರೆಸಿ ಕುಡಿದವರು ಬೇರೆಯವರಾದರೂ, ಅದರ ಯೂರಿಯಾ, ಪಂಪು, ರವದಿಗಳ ಅನಿಲ ಭಾರತದ ಖಾತೆಯಲ್ಲಿಯೇ ಉಳಿಯಿತು. ಉಣ್ಣುವವನ ಹೆಸರಿಗೆ ಬರೆಯುವ ಲೆಕ್ಕಗಳನ್ನೂ ಕೆಲವು ಸಂಶೋಧಕರು ಸಿದ್ಧಪಡಿಸಿದ್ದಾರೆ; ಆದರೆ ದೇಶಗಳು ವಿಶ್ವಸಂಸ್ಥೆಗೆ ಒಪ್ಪಿಸುವ ವರದಿಗಳು ಇಂದಿಗೂ ಅನಿಲವು ಹೊರಟ ನೆಲದ ಹೆಸರಿನಲ್ಲಿಯೇ ಇರುತ್ತವೆ.